ಕ್ಯಾಪ್ರೇಸೆಯನ್ನು ಫ್ರಿಜ್ಜಿನಿಂದ ಬಿಡಿಸಿ

ನಮಸ್ಕಾರ. ಇವತ್ತು ನಗುನಗುತ್ತಾ ಶುರು ಮಾಡುವ ಮೂಡ್ ಇಲ್ಲ, ಮೊದಲೇ ಹೇಳಿಬಿಡುತ್ತೇನೆ.

ಕಳೆದ ವಾರ ಇಟಲಿಯ ಕ್ಯಾಪ್ರೇಸೆ ಸಲಾಡ್ ಮಾಡಿ ತೋರಿಸಿದ್ದೆ. ಟೊಮೆಟೊ, ಮೊಜರೆಲ್ಲಾ ಚೀಸ್, ಬೇಸಿಲ್ ಎಲೆ, ಆಲಿವ್ ಎಣ್ಣೆ, ಉಪ್ಪು. ಮುಗೀತು. ಒಲೆ ಹಚ್ಚುವುದಿಲ್ಲ, ಒಗ್ಗರಣೆ ಇಲ್ಲ, ಕುಕ್ಕರ್ ಕೂಗುವುದಿಲ್ಲ. ಇದರಲ್ಲಿ ಜಗಳ ಆಡೋಕೆ ಏನಿದೆ ಅಂದುಕೊಂಡಿದ್ದೆ. ಬಂತು ನೋಡಿ ಕಾಮೆಂಟು. "ಸಾರ್, ಮಾಡಿದ ಮೇಲೆ ಎರಡು ಗಂಟೆ ಫ್ರಿಜ್ಜಲ್ಲಿ ಇಡಿ. ಚಿಲ್ಡ್ ಆಗಿದ್ರೇನೇ ಸಲಾಡ್." ಅದಕ್ಕೆ ಥಂಬ್ಸ್ ಅಪ್‌ಗಳ ಮೆರವಣಿಗೆ. ಕೆಳಗೆ ಇನ್ನೊಬ್ಬರು: "ನಾನಂತೂ ಹಿಂದಿನ ರಾತ್ರಿಯೇ ಮಾಡಿ ಇಟ್ಟುಬಿಡ್ತೀನಿ."

ಹಿಂದಿನ ರಾತ್ರಿ! ಕ್ಯಾಪ್ರೇಸೆ ಏನು ಇಡ್ಲಿ ಹಿಟ್ಟಾ, ರಾತ್ರಿ ಇಟ್ಟರೆ ಬೆಳಿಗ್ಗೆ ಉಬ್ಬೋಕೆ?

ಇವತ್ತಿನ ಎಪಿಸೋಡಿನಲ್ಲಿ ಒಂದೇ ಮಾತು. ಕ್ಯಾಪ್ರೇಸೆ ತಣ್ಣಗಿರಬಾರದು. ಬೇರೆ ಏನೂ ನೆನಪಿರದಿದ್ದರೂ ಪರವಾಗಿಲ್ಲ, ಇದೊಂದು ನೆನಪಿರಲಿ.

ಈ ಸಲಾಡಿನ ಊರು ಕ್ಯಾಪ್ರಿ. ನೇಪಲ್ಸ್ ಕೊಲ್ಲಿಯಲ್ಲಿರುವ ಪುಟ್ಟ ದ್ವೀಪ, ಕಂಪಾನಿಯಾ ಪ್ರಾಂತ್ಯಕ್ಕೆ ಸೇರಿದ್ದು. ಯಾರು ಮೊದಲು ಮಾಡಿದರು ಅನ್ನುವುದಕ್ಕೆ ಕತೆಗಳು ಬೇಕಾದಷ್ಟಿವೆ. 1920ರ ದಶಕದಲ್ಲಿ ಅಲ್ಲಿನ ಕ್ವಿಸಿಸಾನಾ ಹೋಟೆಲಿನಲ್ಲಿ ಕವಿ ಮರಿನೆಟ್ಟಿಗೆ ಬಡಿಸಿದರು ಅನ್ನುವುದು ಒಂದು ಕತೆ. ಆ ಮನುಷ್ಯನಿಗೆ ಪಾಸ್ತಾ ಕಂಡರೆ ಆಗುತ್ತಿರಲಿಲ್ಲ. 1930ರಲ್ಲಿ ಪಾಸ್ತಾ ಬಿಡಿ ಎಂದು ಪ್ರಣಾಳಿಕೆಯನ್ನೇ ಬರೆದ. ಇಟಲಿಯಲ್ಲಿ ಕೂತು ಪಾಸ್ತಾ ಬೇಡ ಅನ್ನುವುದು, ಮಂಡ್ಯದಲ್ಲಿ ನಿಂತು ಮುದ್ದೆ ಬೇಡ ಅಂದ ಹಾಗೆ. ಧೈರ್ಯ ಮೆಚ್ಚಬೇಕು. ಇನ್ನೊಂದು ಕತೆಯಲ್ಲಿ ಈಜಿಪ್ಟಿನ ದೊರೆ ಫಾರೂಕ್ ಬರುತ್ತಾನೆ. 1950ರ ದಶಕದ ಶುರುವಿನಲ್ಲಿ ಸಮುದ್ರದಲ್ಲಿ ಆಡಿ ಬಂದು ಏನಾದರೂ ಹಗುರವಾಗಿ ತಿನ್ನೋಕೆ ಕೊಡಿ ಅಂದನಂತೆ, ಬ್ರೆಡ್ಡಿನ ಮಧ್ಯೆ ಇದನ್ನಿಟ್ಟು ಕೊಟ್ಟರಂತೆ. ಯಾವ ಕತೆ ನಿಜವೋ, ಅದು ನನಗೆ ಮುಖ್ಯ ಅಲ್ಲ. ಎರಡರಲ್ಲೂ ಫ್ರಿಜ್ ಇಲ್ಲ. ಆ ಕಾಲದಲ್ಲಿ ಇಟಲಿಯ ಸಾಮಾನ್ಯರ ಮನೆಗೆ ಫ್ರಿಜ್ ಇನ್ನೂ ಬಂದೇ ಇರಲಿಲ್ಲ. ತೋಟದಿಂದ ಟೊಮೆಟೊ, ಬೆಳಿಗ್ಗೆ ಮಾಡಿದ ಚೀಸು, ಕುಂಡದಿಂದ ಕಿತ್ತ ಎಲೆ. ಬಿಸಿಲೂರಿನ ತಿಂಡಿ ಇದು. ಬಿಸಿಲೂರಿನ ಶಾಖದಲ್ಲೇ ತಿನ್ನಬೇಕು.

ಒಂದು ನಿಮಿಷ. ಚಾನೆಲ್‌ಗೆ ಸಬ್‌ಸ್ಕ್ರೈಬ್ ಆಗದೇ ನೋಡುತ್ತಿರುವವರು ಆಗಿಬಿಡಿ. ನಮ್ಮ ಎಡಿಟರ್ ಹುಡುಗ ಇಲ್ಲಿ ಗಂಟೆಯ ಚಿತ್ರ ಕುಣಿಸುತ್ತಾನೆ. ಬೇಡ ಅಂದರೂ ಕುಣಿಸುತ್ತಾನೆ. ಹಾಂ, ಎಲ್ಲಿದ್ದೆ? ಟೊಮೆಟೊ.

ಟೊಮೆಟೊ ರುಚಿ ಅಂದರೆ ಬರೀ ಸಿಹಿ-ಹುಳಿ ಅಲ್ಲ. ಅರ್ಧಕ್ಕಿಂತ ಜಾಸ್ತಿ ಆಟ ಮೂಗಿನದು. ಟೊಮೆಟೊದಲ್ಲಿ 400ಕ್ಕೂ ಹೆಚ್ಚು ಆವಿಯಾಗುವ ಪರಿಮಳದ ಅಂಶಗಳಿವೆ. ಫ್ಲೋರಿಡಾ ವಿಶ್ವವಿದ್ಯಾಲಯದ ವಿಜ್ಞಾನಿಗಳು 2016ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಹಣ್ಣಾದ ಟೊಮೆಟೊವನ್ನು 5 ಡಿಗ್ರಿಯಲ್ಲಿ ಒಂದು ವಾರ ಇಟ್ಟರು. ಆಮೇಲೆ ಹೊರಗೆ ತೆಗೆದು ಒಂದು ದಿನ ಬಿಟ್ಟರು. ಸಕ್ಕರೆ, ಹುಳಿ ಅಷ್ಟಾಗಿ ಬದಲಾಗಿರಲಿಲ್ಲ. ಪರಿಮಳ ಮಾತ್ರ ಎದ್ದು ಹೋಗಿತ್ತು. ಚಳಿಗೆ ಪರಿಮಳ ತಯಾರಿಸುವ ಜೀನ್‌ಗಳೇ ಬಾಗಿಲು ಹಾಕಿಕೊಂಡಿದ್ದವು, ಹೊರಗೆ ತೆಗೆದ ಮೇಲೂ ಅವು ಪೂರ್ತಿ ಸರಿಹೋಗಲಿಲ್ಲ. ತಿಂದು ನೋಡಿದವರಿಗೂ ಅದು ಸಪ್ಪೆ ಅನಿಸಿತು.

ಇಲ್ಲಿ ಒಬ್ಬ ಜಾಣ ಕೈ ಎತ್ತುತ್ತಾನೆ, ನನಗೆ ಗೊತ್ತು. "ಸಾರ್, ಜರ್ಮನಿಯ ಗಟಿಂಗೆನ್ ವಿಶ್ವವಿದ್ಯಾಲಯದವರು 2020ರಲ್ಲಿ ಬೇರೆ ಹೇಳಿದ್ದಾರೆ. ನಾಲ್ಕು ದಿನ ಫ್ರಿಜ್ಜಲ್ಲಿಟ್ಟರೂ ಹೊರಗಿಟ್ಟರೂ ದೊಡ್ಡ ವ್ಯತ್ಯಾಸ ಇಲ್ಲ, ಟೊಮೆಟೊ ತಳಿಯೇ ಮುಖ್ಯ ಅಂದಿದ್ದಾರೆ." ಹೌದಪ್ಪ, ಅಂದಿದ್ದಾರೆ. ತುಂಬಾ ಸಂತೋಷ. ನಾನು ಕೇಳುತ್ತಿರುವುದು ನೀನು ಟೊಮೆಟೊವನ್ನು ಎಲ್ಲಿ ಮಲಗಿಸಿದ್ದೆ ಅಂತಲ್ಲ. ತಟ್ಟೆಗೆ ಬಂದಾಗ ಅದರ ಮೈ ತಣ್ಣಗಿತ್ತಾ ಇಲ್ವಾ? ತಣ್ಣಗಿದ್ದರೆ ಪರಿಮಳ ಮೇಲೇಳುವುದಿಲ್ಲ. ಇದಕ್ಕೆ ಜರ್ಮನಿಗೆ ಹೋಗಬೇಕಿಲ್ಲ, ಮೂಗಿದ್ದರೆ ಸಾಕು.

ತಳಿ ಮುಖ್ಯ ಅಂದರಲ್ಲ, ಅದಂತೂ ನಿಜ. ನೇಪಲ್ಸ್ ಕಡೆ ಸೊರೆಂತೊ ಟೊಮೆಟೊ ಬಳಸುತ್ತಾರೆ. ದಪ್ಪ, ತಿಳಿ ಕೆಂಪು, ಬೀಜ ಕಡಿಮೆ, ತಿರುಳು ಜಾಸ್ತಿ. ನಮ್ಮ ಮಾರ್ಕೆಟ್ಟಿನ ಗಟ್ಟಿ ಸಿಪ್ಪೆಯ ಹೈಬ್ರಿಡ್ ಟೊಮೆಟೊ ಕೋಲಾರದಿಂದ ಲಾರಿ ಹತ್ತಿ ದೇಶ ಸುತ್ತುವುದಕ್ಕೆ ಹುಟ್ಟಿದ್ದು. ನೆಲಕ್ಕೆ ಬಿದ್ದರೂ ಒಡೆಯುವುದಿಲ್ಲ. ಸಲಾಡಿಗೆ ಆ ಗಟ್ಟಿತನ ಯಾಕೆ? ನಾಟಿ ಟೊಮೆಟೊ ತನ್ನಿ. ಹುಳಿ ಜಾಸ್ತಿ ಅಂತೀರಾ? ಚೀಸಿನ ಕೊಬ್ಬಿಗೆ ಹುಳಿ ಬೇಕು. ಚೆನ್ನಾಗಿ ಕೆಂಪಾಗಿ, ಒತ್ತಿದರೆ ಸ್ವಲ್ಪ ಬಗ್ಗುವ ಹಣ್ಣು ಆರಿಸಿ. ಮನೆಗೆ ತಂದು ಬುಟ್ಟಿಯಲ್ಲಿ ಬಿಡಿ. ಫ್ರಿಜ್ಜಿಗೆ ತೋರಿಸಲೂ ಬೇಡಿ.

ಇನ್ನು ಚೀಸು. ಕಂಪಾನಿಯಾದ ನಿಜವಾದ ಮೊಜರೆಲ್ಲಾ ಎಮ್ಮೆ ಹಾಲಿನದು. ಕಸೆರ್ತಾ, ಸಲೆರ್ನೊ ಕಡೆ ಎಮ್ಮೆಗಳನ್ನು ಸಾಕುತ್ತಾರೆ. 1996ರಲ್ಲಿ ಯುರೋಪ್ ಅದಕ್ಕೆ ಮೂಲ ಸ್ಥಳದ ರಕ್ಷಣೆಯ ಮುದ್ರೆ ಕೊಟ್ಟಿತು. ಹಸುವಿನ ಹಾಲಿನದಕ್ಕೆ ಫಿಯೋರ್ ದಿ ಲಾತ್ತೆ ಅನ್ನುತ್ತಾರೆ, ಅದನ್ನು ಹಾಕಿದರೂ ಕ್ಯಾಪ್ರೇಸೆ ಕ್ಯಾಪ್ರೇಸೆಯೇ. ಹಾಲನ್ನು ಒಡೆಸಿ, ಗಟ್ಟಿಯಾದದ್ದನ್ನು ಕುದಿಯುವುದಕ್ಕೆ ಹತ್ತಿರ ಇರುವ ನೀರಿನಲ್ಲಿ ಹಾಕಿ, ಎಳೆದು ಎಳೆದು ನಾರು ಬರಿಸುತ್ತಾರೆ. ಆಮೇಲೆ ಕೈಯಲ್ಲಿ ಉಂಡೆ ಹಿಸುಕಿ ಕತ್ತರಿಸುತ್ತಾರೆ. ಒಳಗೆ ಪದರ ಪದರ, ಪದರದ ಮಧ್ಯೆ ಹಾಲು. ಕತ್ತರಿಸಿದರೆ ಬಿಳಿ ನೀರು ಜಿನುಗಬೇಕು. ಇದರಲ್ಲಿ ಕೊಬ್ಬು ಹೇರಳ. ಎಮ್ಮೆ ಹಾಲಲ್ಲವೇ, ಹಸುವಿನ ಹಾಲಿನ ಸುಮಾರು ಎರಡು ಪಟ್ಟು ಕೊಬ್ಬು. ತಣ್ಣಗಾದರೆ ಆ ಕೊಬ್ಬು ಬಿಗಿಯುತ್ತದೆ. ನಾಲಿಗೆ ಮೇಲೆ ಕರಗಬೇಕಾದದ್ದು ಹಲ್ಲಿಗೆ ರಬ್ಬರಾಗುತ್ತದೆ. ನೀವೇ ಫ್ರಿಜ್ಜಲ್ಲಿಟ್ಟು ರಬ್ಬರ್ ಮಾಡಿ, ಆಮೇಲೆ "ಮೊಜರೆಲ್ಲಾಗೆ ರುಚಿಯೇ ಇಲ್ಲ" ಅನ್ನುತ್ತೀರಿ. ಅಲ್ವಾ?

"ಆದರೆ ಅಂಗಡಿಯವರೇ ಫ್ರಿಜ್ಜಲ್ಲಿ ಇಟ್ಟಿರುತ್ತಾರಲ್ಲ?" ಇಟ್ಟಿರಬೇಕು. ಅದು ಹಸಿ ಚೀಸು, ಕೆಡುತ್ತದೆ. ಮನೆಗೆ ತಂದ ಮೇಲೂ ಅದರದೇ ನೀರಿನಲ್ಲಿ ಫ್ರಿಜ್ಜಲ್ಲೇ ಇಡಿ. ತಿನ್ನುವ ಅರ್ಧ-ಮುಕ್ಕಾಲು ಗಂಟೆ ಮುಂಚೆ ಹೊರಗೆ ತೆಗೆಯಿರಿ ಅಂತ ಹೇಳುತ್ತಿದ್ದೇನೆ. ಇದಕ್ಕೂ ಕಷ್ಟವಾ? ಮಾವಿನಹಣ್ಣು ನೀರಲ್ಲಿ ನೆನೆಯಲಿ ಎಂದು ಕಾಯುವ ಜನ ನಾವು!

ಪನೀರ್ ಹಾಕಬಹುದಾ ಅಂದವರಿಗೆ: ಹಾಕಿ. ಚೆನ್ನಾಗಿಯೇ ಇರುತ್ತದೆ. ಕ್ಯಾಪ್ರೇಸೆ ಅನ್ನಬೇಡಿ, ಟೊಮೆಟೊ ಪನೀರ್ ಅನ್ನಿ. ಪಿಜ್ಜಾ ಮೇಲೆ ತುರಿಯುವ ಗಟ್ಟಿ ಮೊಜರೆಲ್ಲಾ ಇಟ್ಟಿಗೆಯ ಸುದ್ದಿಯೇ ಬೇಡ, ಅದು ಓವನ್‌ನಲ್ಲಿ ಕರಗುವುದಕ್ಕೆ ಮಾಡಿದ್ದು. ನೀರಿನ ಡಬ್ಬಿಯಲ್ಲಿ ತೇಲುವ ಬಿಳಿ ಉಂಡೆ ಕೇಳಿ. ಬೆಂಗಳೂರಲ್ಲೇ ಬೆನೆಡಿಕ್ಟೈನ್ ಸನ್ಯಾಸಿಗಳು ಇಟಲಿಯ ವಿದ್ಯೆ ಕಲಿತು ಮೊಜರೆಲ್ಲಾ ಮಾಡಿದ್ದಾರೆ, ವಲ್ಲೊಂಬ್ರೊಸಾ ಅನ್ನುವ ಹೆಸರಿನಲ್ಲಿ. ಇದು ಜಾಹೀರಾತಲ್ಲ. ಅವರು ನನಗೆ ಒಂದು ಉಂಡೆಯನ್ನೂ ಕಳಿಸಿಲ್ಲ. ಕಳಿಸಿದರೆ ಬೇಡ ಅನ್ನುವುದಿಲ್ಲ.

ಎಣ್ಣೆ ಕತೆ ಇನ್ನೂ ತಮಾಷೆ. ಒಳ್ಳೆಯ ಎಕ್ಸ್‌ಟ್ರಾ ವರ್ಜಿನ್ ಆಲಿವ್ ಎಣ್ಣೆ ಸುಮಾರು 10 ಡಿಗ್ರಿಗಿಂತ ಕೆಳಗೆ ಮಬ್ಬಾಗಿ ಕಟ್ಟಿಕೊಳ್ಳಲು ಶುರು ಮಾಡುತ್ತದೆ. ಫ್ರಿಜ್ ಇರುವುದು 4-5 ಡಿಗ್ರಿಯಲ್ಲಿ. ಎಣ್ಣೆ ಸುರಿದು ಒಳಗಿಟ್ಟವರು ಹೊರಗೆ ತೆಗೆಯುವಾಗ ಟೊಮೆಟೊ ಮೇಲೆ ಮೇಣ ಮೆತ್ತಿದ ಹಾಗಿರುತ್ತದೆ. ಬೇಸಿಲ್? ಅದಂತೂ ಚಳಿ ಕಂಡರೆ ಕಪ್ಪಗಾಗುತ್ತದೆ. ಉಷ್ಣ ದೇಶದ ಗಿಡ ಅದು. ನಮ್ಮ ಕಾಮಕಸ್ತೂರಿ ಅದೇ ಜಾತಿಯದು, ಪರಿಮಳ ಮಾತ್ರ ಸ್ವಲ್ಪ ಬೇರೆ. ಬೇಸಿಲ್ ಸಿಗದಿದ್ದರೆ ಅದರ ಎಳೆ ಎಲೆ ಹಾಕಿ ನೋಡಿ. ತುಳಸಿ ಬೇಡ. ತುಳಸಿ ಹಾಕಿದರೆ ತೀರ್ಥದ ನೆನಪು ಬರುತ್ತದೆ, ಚೀಸ್ ಜೊತೆ ತೀರ್ಥ ಯಾರಿಗೆ ಬೇಕು?

ಈಗ ಲೆಕ್ಕ ಹಾಕಿ. ಟೊಮೆಟೊಗೆ ಫ್ರಿಜ್ ಆಗಲ್ಲ. ಚೀಸು ಅಲ್ಲಿ ಬಿಗಿಯುತ್ತೆ. ಎಣ್ಣೆ ಕಟ್ಟಿಕೊಳ್ಳುತ್ತೆ. ಎಲೆ ಕಪ್ಪಾಗುತ್ತೆ. ಉಳಿದದ್ದು ಉಪ್ಪು. ಉಪ್ಪು ಬೇಕಾದರೆ ಫ್ರಿಜ್ಜಲ್ಲಿಡಿ, ನನ್ನ ತಕರಾರಿಲ್ಲ!

ಮಾಡುವ ವಿಧಾನ ಇನ್ನೊಮ್ಮೆ, ಬೇಗ ಹೇಳಿ ಮುಗಿಸುತ್ತೇನೆ. ಚೀಸ್ ಉಂಡೆಯನ್ನು ನೀರಿನಿಂದ ತೆಗೆದು ಬಟ್ಟೆ ಮೇಲೆ ಹತ್ತು ನಿಮಿಷ ಸೋರಲು ಬಿಡಿ. ಟೊಮೆಟೊ ಅರ್ಧ ಸೆಂಟಿಮೀಟರಿಗಿಂತ ಸ್ವಲ್ಪ ದಪ್ಪ ಬಿಲ್ಲೆ ಮಾಡಿ. ಟೊಮೆಟೊ ಮೇಲೆ ಮಾತ್ರ ಉಪ್ಪು ಉದುರಿಸಿ, ಐದು ನಿಮಿಷ ಬಿಡಿ, ರಸ ಬಿಡುತ್ತದೆ. ಆ ರಸ ಚೆಲ್ಲಬೇಡಿ, ಎಣ್ಣೆ ಜೊತೆ ಸೇರಿ ಅದೇ ಸಾರು. ಚೀಸನ್ನೂ ಅಷ್ಟೇ ದಪ್ಪ ಕತ್ತರಿಸಿ, ಒಂದು ಅದು, ಒಂದು ಇದು, ಜೋಡಿಸಿ. ಎಲೆಯನ್ನು ಚಾಕುವಿನಲ್ಲಿ ಕೊಚ್ಚಬೇಡಿ, ಕೈಯಲ್ಲಿ ಹರಿದು ಹಾಕಿ. ಎಣ್ಣೆ ಧಾರಾಳವಾಗಿ. ಕೆಲವರು ಚಿಟಿಕೆ ಒಣ ಒರೆಗಾನೊ ಹಾಕುತ್ತಾರೆ, ಹಾಕಲಿ. ಕೂಡಲೇ ತಿನ್ನಿ. ರಸ ಅದ್ದಲು ಬ್ರೆಡ್ ಇರಲಿ.

ಮತ್ತೆ ಆ ಕಪ್ಪು ಬಾಲ್ಸಾಮಿಕ್ ಗ್ಲೇಜ್! ತಟ್ಟೆ ತುಂಬಾ ರಂಗೋಲಿ! ಬಾಲ್ಸಾಮಿಕ್ ವಿನೆಗರ್ ಉತ್ತರದ ಮೊಡೆನಾ ಕಡೆಯದು, ಕ್ಯಾಪ್ರಿಗೂ ಅದಕ್ಕೂ ನೂರಾರು ಕಿಲೋಮೀಟರ್ ದೂರ. ಸಾಂಪ್ರದಾಯಿಕ ಬಾಲ್ಸಾಮಿಕ್ ಅನ್ನು ಮರದ ಪೀಪಾಯಿಗಳಲ್ಲಿ ಕನಿಷ್ಠ 12 ವರ್ಷ ಮಾಗಿಸುತ್ತಾರೆ. ನಿಮ್ಮ ಪಿಚಕಾರಿ ಬಾಟಲಿಯಲ್ಲಿರುವುದು ಅದಲ್ಲ, ಸಿಹಿ ಸೇರಿಸಿ ಗಟ್ಟಿ ಮಾಡಿದ ಪಾಕ. ಇದರ ಬಗ್ಗೆ ಬೇರೆ ಎಪಿಸೋಡ್ ಮಾಡುತ್ತೇನೆ, ಮೆಂಬರ್‌ಗಳಿಗೆ ಎರಡು ದಿನ ಮುಂಚೆ ಸಿಗುತ್ತದೆ. ಈಗ ಬೇಡ, ವಿಷಯ ತಪ್ಪುತ್ತಿದೆ. ವಿಷಯ ಫ್ರಿಜ್ಜು.

ರಾಯಚೂರಿನಿಂದ ಒಬ್ಬರು ಮೆಸೇಜ್ ಮಾಡಿದ್ದಾರೆ. "ಬೆಂಗಳೂರಲ್ಲಿ ಕೂತು ರೂಮ್ ಟೆಂಪರೇಚರ್ ಅಂತೀರಿ. ನಮ್ಮ ಕಡೆ ಏಪ್ರಿಲ್‌ನಾಗ ರೂಮೇ ಒಲಿ ಆಗಿರ್ತದ್ರೀ." ಸರಿ ಅಣ್ಣಾ, ನಿಮಗೆ ವಿಶೇಷ ರಿಯಾಯಿತಿ. ಚೀಸನ್ನು ಹತ್ತೇ ನಿಮಿಷ ಮುಂಚೆ ತೆಗೆಯಿರಿ, ಆದರೆ ತೆಗೆಯಿರಿ! ಹೊಟ್ಟೆ ಕೆಡಲ್ವಾ ಅನ್ನುವವರಿಗೂ ಅದೇ ಉತ್ತರ. ಹಸಿ ಚೀಸ್ ಎರಡು ಗಂಟೆಗಿಂತ ಜಾಸ್ತಿ ಹೊರಗೆ ಬಿಡಬಾರದು, ಸುಡು ಬೇಸಿಗೆಯಲ್ಲಿ ಒಂದು ಗಂಟೆ. ನಾನು ಕೇಳಿದ್ದು ಅರ್ಧ-ಮುಕ್ಕಾಲು ಗಂಟೆ. ಮದುವೆ ಮನೆಯಲ್ಲಿ ಬೆಳಗಿನಿಂದ ಬಿಸಿಲಲ್ಲಿ ಕೂತ ಕೋಸಂಬರಿ ಎರಡು ಸಲ ಹಾಕಿಸಿಕೊಂಡು ತಿಂದು ಬರುತ್ತೀರಿ, ಇಲ್ಲಿ ಬಂದು ಆರೋಗ್ಯಾಧಿಕಾರಿ ಆಗುತ್ತೀರಿ!

"ಅವರವರ ರುಚಿ ಅವರವರಿಗೆ ಬಿಡಿ ಸಾರ್" ಅಂತ ಒಬ್ಬರು. ಬಿಡಲ್ಲ. ಯಾಕೆ ಬಿಡಬೇಕು? ನನ್ನ ಮೈಕು, ನನ್ನ ಲೈಟು, ಕರೆಂಟ್ ಬಿಲ್ಲೂ ನಂದೇ. ತಣ್ಣಗಿರಬಾರದು ಅಂದರೆ ತಣ್ಣಗಿರಬಾರದು. ಕಾರಣ ಬೇಕಾ? ಆಗಲೇ ಕೊಟ್ಟೆ. ಇನ್ನೂ ಬೇಕಾ? ಇಲ್ಲ. ಬೇಕಾದರೆ ಬುಟ್ಟಿಯ ಟೊಮೆಟೊದ ಒಂದು ಹೋಳು, ಫ್ರಿಜ್ಜಿನ ಒಂದು ಹೋಳು, ಕಣ್ಣು ಮುಚ್ಚಿಕೊಂಡು ತಿನ್ನಿ. ಎರಡೂ ಒಂದೇ ಅನಿಸಿದರೆ ನೆಗಡಿ ಆಗಿದೆ, ಕಷಾಯ ಕುಡೀರಿ.

ಮುಂದಿನ ವಾರ ಹಾಗಲಕಾಯಿ ಗೊಜ್ಜು. ಬೆಲ್ಲ ಎಷ್ಟು ಹಾಕಬೇಕು ಅಂತ ಈಗಲೇ ಹೇಳಬೇಡಿ, ನನಗೆ ಗೊತ್ತಿದೆ. ಕೆಳಗಿನ ಲಿಂಕಿನಲ್ಲಿ ನಮ್ಮ ಚಾನೆಲ್ಲಿನ ಏಪ್ರನ್ ಇದೆ, ಎಲ್ಲ ಸೈಜೂ ಸಿಗುತ್ತದೆ, ಕೆಂಪು ಖಾಲಿಯಾಗಿದೆ. ಬರ್ತೀನಿ.