ಪೆನ್ಷನ್ ಆದ ಮೇಲೆ ಪಿಸ್ತೂಲು

ನಮಸ್ಕಾರ್ರಿ ಎಲ್ಲರಿಗೂ. ಚಿಗರಿ ಬಸ್ಸಿನಲ್ಲಿ ಕೂತಿದ್ದೇನೆ, ಹುಬ್ಬಳ್ಳಿಯಿಂದ ಧಾರವಾಡಕ್ಕೆ. ಕಿಟಕಿಯಾಚೆ ಕಾಣುತ್ತಿರುವುದು ಉಣಕಲ್ ಕೆರೆ. ಆದರೆ ಇವತ್ತು ನನ್ನ ಮಾತು ಸಿನಿಮಾ ಬಗ್ಗೆ. ರಿಟೈರ್ ಆದ ಗೂಢಚಾರರು ಮತ್ತೆ ಕೆಲಸಕ್ಕೆ ಬರುವ ಸಿನಿಮಾಗಳು ಇರುತ್ತವಲ್ಲ, ಹೊಡೆದಾಟದ ಜೊತೆ ನಗುವೂ ಇರುವಂಥವು, ಅವುಗಳ ಮುಂದಿನ ಭಾಗಗಳ ಬಗ್ಗೆ. ನನಗೆ ಇವು ಅಂದ್ರೆ ಪ್ರಾಣ.

ಮೊದಲು 'ರೆಡ್' ಎಂಬ ಇಂಗ್ಲಿಷ್ ಸಿನಿಮಾ. 2010ರಲ್ಲಿ ಬಂತು. ಬ್ರೂಸ್ ವಿಲ್ಲಿಸ್ ಮಾಡಿದ ಪಾತ್ರದ ಹೆಸರು ಫ್ರ್ಯಾಂಕ್ ಮೋಸೆಸ್. ಅಮೆರಿಕದ ಗೂಢಚಾರ ಸಂಸ್ಥೆ ಸಿಐಎಯಿಂದ ನಿವೃತ್ತನಾದವನು, ಒಂಟಿ ಮನುಷ್ಯ. ತಿಂಗಳ ಪೆನ್ಷನ್ ಚೆಕ್ ಬಂದರೆ ಅದನ್ನು ಹರಿದು ಹಾಕುತ್ತಾನೆ. ಆಮೇಲೆ ಪೆನ್ಷನ್ ಕಚೇರಿಗೆ ಫೋನ್ ಮಾಡಿ, ಚೆಕ್ ಬಂದಿಲ್ಲ ಅನ್ನುತ್ತಾನೆ. ಯಾಕೆ? ಆ ಕಡೆ ಫೋನ್ ಎತ್ತುವ ಸಾರಾ ಎಂಬವಳ ಜೊತೆ ಮಾತಾಡಬೇಕು, ಅಷ್ಟೇ.

ಧಾರವಾಡದವರಿಗೆ ಈ ದೃಶ್ಯ ಬಿಡಿಸಿ ಹೇಳಬೇಕಾಗಿಲ್ಲ. ಬೆಳಗ್ಗೆ ಕೆಸಿಡಿ, ಅಂದ್ರೆ ಕರ್ನಾಟಕ ಕಾಲೇಜಿನ ಮೈದಾನಕ್ಕೆ ಬಂದು ನೋಡಿ. ನಿವೃತ್ತ ಮಾಸ್ತರರು, ಬ್ಯಾಂಕಿನವರು, ರೈಲ್ವೆಯವರು, ಎಲ್ಲರೂ ವಾಕಿಂಗ್‌ನಲ್ಲಿ ಸಿಗುತ್ತಾರೆ. ನವೆಂಬರ್ ಬಂದರೆ ಲೈಫ್ ಸರ್ಟಿಫಿಕೇಟ್ ಕೊಡಲು ಬ್ಯಾಂಕಿಗೆ ಹೋಗುತ್ತಾರೆ. ಅಲ್ಲಿ ಕೆಲಸ ಐದು ನಿಮಿಷದ್ದು, ಮಾತು ಒಂದು ತಾಸಿನದು. ಫ್ರ್ಯಾಂಕ್‌ಗೆ ಬೇಕಾಗಿದ್ದದ್ದು ಆ ಒಂದು ತಾಸು.

ಎರಡನೇ ಭಾಗ 'ರೆಡ್ 2' ಬಂದದ್ದು 2013ರ ಜುಲೈನಲ್ಲಿ. ನಿರ್ದೇಶಕರು ಬದಲಾದರು. ರಾಬರ್ಟ್ ಶ್ವೆಂಟ್ಕೆ ಜಾಗಕ್ಕೆ ಡೀನ್ ಪ್ಯಾರಿಸೊ ಬಂದರು. ಇದನ್ನು ನಾನು ನಮ್ಮ ಓಣಿಯ ಕಾಕಾ, ಕಾಕು ಜೊತೆ ಅವರ ಮನೆಯಲ್ಲೇ ಕೂತು ನೋಡಿದೆ. ಕಾಕಾ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಇದ್ದವರು. ಗಾಲಿಗೆ ಸುತ್ತಿಗೆಯಿಂದ ಬಡಿದು, ಸದ್ದು ಕೇಳಿಯೇ ಬಿರುಕು ಇದೆಯೋ ಇಲ್ಲವೋ ಹೇಳುತ್ತಿದ್ದರು. ಅಂಥವರ ಪಕ್ಕ ಕೂತು ಈ ಸಿನಿಮಾ ನೋಡುವ ಖುಷಿಯೇ ಬೇರೆ.

ಶುರುವಿನಲ್ಲಿ ಫ್ರ್ಯಾಂಕ್ ಮತ್ತು ಸಾರಾ ಕಾಸ್ಟ್‌ಕೋ ಎಂಬ ದೊಡ್ಡ ಅಂಗಡಿಯಲ್ಲಿ ಮನೆ ಸಾಮಾನು ಕೊಳ್ಳುತ್ತಿರುತ್ತಾರೆ. ಹಳೆಯ ಗೆಳೆಯ ಮಾರ್ವಿನ್ ಬಂದು, ನಮಗೆ ಅಪಾಯ ಇದೆ ಅನ್ನುತ್ತಾನೆ. ಇದು ಜಾನ್ ಮಾಲ್ಕೊವಿಚ್ ಪಾತ್ರ. ಫ್ರ್ಯಾಂಕ್ ಕಿವಿಗೇ ಹಾಕಿಕೊಳ್ಳುವುದಿಲ್ಲ. ಅವನಿಗೆ ಈಗ ಸಂಸಾರ ಬೇಕು. ಮಾಸ್ಕೋದಲ್ಲಿ ಶೀತಲ ಸಮರದ ಕಾಲಕ್ಕೆ ಬಚ್ಚಿಟ್ಟ ಒಂದು ಬಾಂಬಿನ ಸುದ್ದಿ ಹೊರಬಿದ್ದ ಮೇಲೆ ಬೇರೆ ದಾರಿ ಇರುವುದಿಲ್ಲ. ಇಲ್ಲಿ ನನಗೆ ತುಂಬಾ ಹಿಡಿಸಿದ್ದು ಒಂದು ವಿಷಯ. ಆ ಬಾಂಬಿನ ಲೆಕ್ಕ ಗೊತ್ತಿರುವುದು ಹಳಬರಿಗೆ ಮಾತ್ರ. ಹೊಸ ಹುಡುಗರ ಕಂಪ್ಯೂಟರಿನಲ್ಲಿ ಅದು ಇಲ್ಲ. ವಯಸ್ಸಾದವರನ್ನು ವಾಪಸ್ ಕರೆಯಲು ಇದಕ್ಕಿಂತ ಗಟ್ಟಿ ಕಾರಣ ಬೇಕಾ?

ಹೆಲೆನ್ ಮಿರೆನ್ ಬಗ್ಗೆ ಸ್ವಲ್ಪ ನಿಂತು ಮಾತಾಡಲೇಬೇಕು. ಅವರು ಹುಟ್ಟಿದ್ದು 1945ರಲ್ಲಿ. ಇಲ್ಲಿ ವಿಕ್ಟೋರಿಯಾ ಎಂಬ ಬ್ರಿಟಿಷ್ ಗೂಢಚಾರಿಣಿ. ನಿಮ್ಮನ್ನು ಕೊಲ್ಲುವ ಗುತ್ತಿಗೆ ನನಗೇ ಬಂದಿದೆ ಅಂತ ಗೆಳೆಯರಿಗೆ ಫೋನಿನಲ್ಲಿ ತಿಳಿಸುತ್ತಾಳೆ. ಅದೂ ಬಾತ್‌ಟಬ್ಬಿನಲ್ಲಿ ಹೆಣ ಕರಗಿಸುವ ಕೆಲಸ ಮಾಡುತ್ತಾ! ದನಿಯಲ್ಲಿ ಒಂದಿಷ್ಟೂ ಗಡಿಬಿಡಿ ಇಲ್ಲ. ಆಮೇಲೆ ಹುಚ್ಚಾಸ್ಪತ್ರೆಯ ಒಳಗೆ ಹೋಗಬೇಕಾಗಿ ಬಂದಾಗ, ನಾನೇ ಇಂಗ್ಲೆಂಡಿನ ರಾಣಿ ಅಂತ ನಟಿಸುತ್ತಾಳೆ. 2006ರ 'ದಿ ಕ್ವೀನ್' ಸಿನಿಮಾದಲ್ಲಿ ಎಲಿಜಬೆತ್ ರಾಣಿಯಾಗಿ ಆಸ್ಕರ್ ಗೆದ್ದವರು ಇದೇ ಮಿರೆನ್. ಗೊತ್ತಿದ್ದು ನೋಡಿದರೆ ನಗು ಎರಡು ಪಟ್ಟು.

ಇನ್ನೊಂದು ಕಡೆ ಹಾನ್ ಎಂಬವನು ಕಾರು ಓಡಿಸುತ್ತಾನೆ. ಇದು ಕೊರಿಯಾದ ನಟ ಲೀ ಬ್ಯುಂಗ್ ಹುನ್. ಕಾರು ಗಿರ್ರನೆ ತಿರುಗುವಾಗ ಪಕ್ಕದಲ್ಲಿ ಕೂತ ವಿಕ್ಟೋರಿಯಾ ಎರಡೂ ಕೈಯಲ್ಲಿ ಪಿಸ್ತೂಲು ಹಿಡಿದು, ಎರಡೂ ಕಿಟಕಿಯಿಂದ ಗುಂಡು ಹೊಡೆಯುತ್ತಾಳೆ. ಕಾಕಾ ಎದ್ದು ಕೂತರು. "ಮುಖ ನೋಡಬ್ಯಾಡೋ ತಮ್ಮಾ, ಕೈ ನೋಡು. ಕೈ ಮರೆಯೂದಿಲ್ಲ" ಅಂದರು.

ನಾನು ಇಷ್ಟು ದಿನ ಹೇಳಲು ಒದ್ದಾಡುತ್ತಿದ್ದ ಮಾತು ಇದೇ. ಈ ಸಿನಿಮಾಗಳಲ್ಲಿ ವಯಸ್ಸು ಕಾಣಬೇಕಾದದ್ದು ಕೈಯಲ್ಲಿ. ಮಂಡಿ ನೋವು, ಕನ್ನಡಕ ಹುಡುಕಾಟ, ಕಿವಿ ಕೇಳದ ಜೋಕು, ಇವೆಲ್ಲ ಅಗ್ಗದ ನಗು. ನಮ್ಮ ಮನೆಯ ಹಿರಿಯರನ್ನು ಹಾಗೆ ಯಾರಾದರೂ ಆಡಿಕೊಂಡರೆ ನಾವು ಸುಮ್ನೆ ಇರುತ್ತೇವಾ? ಹಾಗಂತ ವಯಸ್ಸನ್ನೇ ಮರೆತುಬಿಟ್ಟರೂ ಕಷ್ಟ. 'ರೆಡ್ 2' ಸೊರಗುವುದು ಅಲ್ಲೇ. ಮೊದಲ ಭಾಗದಲ್ಲಿ ವೃದ್ಧಾಶ್ರಮ ಇತ್ತು. ಕ್ಯಾನ್ಸರ್ ಇರುವ ಜೋ ಇದ್ದ, ಮಾರ್ಗನ್ ಫ್ರೀಮನ್ ಮಾಡಿದ ಪಾತ್ರ. ಸಿಐಎಯ ಕಡತಗಳನ್ನು ಕಾಯುವ ಮುದುಕನಾಗಿ ಎರ್ನೆಸ್ಟ್ ಬೋರ್ಗ್‌ನೈನ್ ಇದ್ದರು, ಆಗ ಅವರಿಗೆ 93. ಎರಡನೇ ಭಾಗದಲ್ಲಿ ಪ್ಯಾರಿಸ್, ಲಂಡನ್, ಮಾಸ್ಕೋ ಅಂತ ಓಟವೋ ಓಟ. ಯಾರೂ ದಣಿಯುವುದಿಲ್ಲ. ಯಾರೂ ಕೂತು ಹಳೆಯದನ್ನು ನೆನೆಯುವುದಿಲ್ಲ. ಆಂಥನಿ ಹಾಪ್‌ಕಿನ್ಸ್‌ರಂಥವರು ಬಂದರೂ ಆ ಕೊರತೆ ತುಂಬಲಿಲ್ಲ. ಖರ್ಚು ಮೊದಲಿಗಿಂತ ಜಾಸ್ತಿ, ಗಳಿಕೆ ಕಡಿಮೆ. ಮೊದಲನೆಯದು ಸುಮಾರು 20 ಕೋಟಿ ಡಾಲರ್ ತಂದಿತ್ತು, ಇದು 15 ಕೋಟಿ ಹತ್ತಿರ ನಿಂತಿತು.

ಆದರೂ ಇದನ್ನು ಬಿಟ್ಟುಕೊಡಲು ನನಗೆ ಮನಸ್ಸಿಲ್ಲ. ಕಾರಣ ಸಾರಾ. ಮೇರಿ ಲೂಯಿಸ್ ಪಾರ್ಕರ್ ಮಾಡಿದ ಪಾತ್ರ. ಫ್ರ್ಯಾಂಕ್‌ಗೆ ಅವಳನ್ನು ಕಾಪಾಡಬೇಕು. ಅವಳಿಗೆ ಅವನ ಜೊತೆ ಹೋಗಬೇಕು. ಜಗಳ ಸಿನಿಮಾ ಉದ್ದಕ್ಕೂ ನಡೆಯುತ್ತದೆ, ಗುಂಡಿನ ಮಳೆಯ ನಡುವೆಯೂ. ಕಾಕು ಅಲ್ಲಿವರೆಗೆ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ಈಗ ಕೈ ನಿಲ್ಲಿಸಿ ಹೇಳಿದರು: "ಆಕಿ ಹೇಳೂದು ಖರೇನ ಐತಿ. ಮನ್ಯಾಗ ಕುಂದರಿಸಿ ಕಾಯ್ತೀನಿ ಅಂದ್ರ ಯಾರ್ ಒಪ್ಪತಾರ?" ಕಾಕಾ ಏನೂ ಅನ್ನಲಿಲ್ಲ. ನಿವೃತ್ತಿಯಾದ ಗಂಡ ಇಡೀ ದಿನ ಮನೆಯಲ್ಲೇ ಇರುತ್ತಾನೆ ಅಂದರೆ ಹೆಂಡತಿಯ ದಿನವೂ ಬದಲಾಗುತ್ತದಲ್ಲ. ಅದನ್ನು ಬಾಂಬಿನ ಕಥೆಯೊಳಗೆ ತಂದಿಟ್ಟರಲ್ಲ, ಅದು ದೊಡ್ಡದು ಅಂತ ನನಗೆ ಅನಿಸುತ್ತದೆ.

ಮೂರನೇ ಭಾಗ ಬರಲಿಲ್ಲ. 2022ರಲ್ಲಿ ಬ್ರೂಸ್ ವಿಲ್ಲಿಸ್ ಅನಾರೋಗ್ಯದಿಂದ ನಟನೆ ಬಿಟ್ಟರು ಎಂದು ಅವರ ಕುಟುಂಬ ತಿಳಿಸಿತು. ಮಾತನ್ನೇ ಕಿತ್ತುಕೊಳ್ಳುವ ಕಾಯಿಲೆ. ಆ ಸುದ್ದಿ ಓದಿದ ಮೇಲೆ, ಫ್ರ್ಯಾಂಕ್ ಬರೀ ಮಾತಿಗಾಗಿ ಫೋನ್ ಮಾಡುವ ದೃಶ್ಯ ನೋಡಿದರೆ ಗಂಟಲು ಕಟ್ಟುತ್ತದೆ.

ಬಸ್ಸು ರಾಯಾಪುರ ದಾಟಿತು. ಇನ್ನೆರಡು ಸಿನಿಮಾ ಬೇಗ ಹೇಳಿಬಿಡುತ್ತೇನೆ. 2018ರ 'ಜಾನಿ ಇಂಗ್ಲಿಷ್ ಸ್ಟ್ರೈಕ್ಸ್ ಅಗೇನ್'. ಸರಣಿಯಲ್ಲಿ ಮೂರನೆಯದು. ಸೈಬರ್ ದಾಳಿಯಲ್ಲಿ ಬ್ರಿಟನ್ನಿನ ಎಲ್ಲ ಗೂಢಚಾರರ ಗುರುತು ಬಯಲಾಗುತ್ತದೆ. ಹಾಗಾಗಿ ಶಾಲೆಯಲ್ಲಿ ಮಾಸ್ತರಿಕೆ ಮಾಡಿಕೊಂಡಿದ್ದ ಜಾನಿಯನ್ನು ಕರೆಸುತ್ತಾರೆ. ರೋವನ್ ಅಟ್ಕಿನ್ಸನ್ ಪಾತ್ರ. ಅವನು ಸ್ಮಾರ್ಟ್‌ಫೋನ್ ಒಲ್ಲೆ ಅನ್ನುತ್ತಾನೆ, ಹಳೆಯ ಆಸ್ಟನ್ ಮಾರ್ಟಿನ್ ಕಾರು ಬೇಕು ಅನ್ನುತ್ತಾನೆ. ಡಿಜಿಟಲ್ ಶತ್ರುವಿಗೆ ಆ ಹಳೇ ಕಾರು ಸಿಗುವುದೇ ಇಲ್ಲ. ಒಳ್ಳೆಯ ಯೋಚನೆ, ಅಲ್ವಾ?

ಇನ್ನೊಂದು ತಮಿಳಿನ 'ವಿಕ್ರಮ್', 2022ರದ್ದು. ಕಮಲ್ ಹಾಸನ್ 1986ರಲ್ಲಿ ಮಾಡಿದ ಗೂಢಚಾರನ ಹೆಸರಿಗೇ ಮರಳಿದ ಸಿನಿಮಾ. ಹಾಸ್ಯ ಕಡಿಮೆ. ಆದರೂ ಅದರಲ್ಲಿ ಮನೆಗೆಲಸದ ಹೆಂಗಸು ಏಜೆಂಟ್ ಟೀನಾ ಆಗಿ ತಿರುಗಿ ಬೀಳುವ ದೃಶ್ಯವನ್ನು ಇದೇ ಸಾಲಿನಲ್ಲಿ ಇಡುತ್ತೇನೆ. ಆ ಪಾತ್ರ ಮಾಡಿದ ವಸಂತಿ ನೃತ್ಯದ ತಂಡಗಳಲ್ಲಿ ದುಡಿದವರು. ತೆರೆಯ ಮೇಲೂ ತೆರೆಯ ಹಿಂದೆಯೂ ಕೆಲಸ ಬಲ್ಲ ಕೈ!

ನಮ್ಮಲ್ಲಿ? ನಮ್ಮಲ್ಲಿ ಸಿಐಡಿ 999 ಎಂಬ ಗೂಢಚಾರ ಇದ್ದರು. ನಿರ್ದೇಶನ ದೊರೆ-ಭಗವಾನ್ ಜೋಡಿಯದು, 999 ಆಗಿ ಡಾ. ರಾಜ್‌ಕುಮಾರ್. 1968ರಲ್ಲಿ 'ಜೇಡರ ಬಲೆ', ಅದೇ ವರ್ಷ 'ಗೋವಾದಲ್ಲಿ ಸಿಐಡಿ 999', 1969ರಲ್ಲಿ 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999'. ಆಮೇಲೆ ಒಂಬತ್ತು ವರ್ಷ ಬಿಟ್ಟು 1978ರಲ್ಲಿ 'ಆಪರೇಷನ್ ಡೈಮಂಡ್ ರಾಕೆಟ್'. 'ಇಫ್ ಯು ಕಮ್ ಟುಡೇ' ಹಾಡು ಅದರದ್ದೇ. ಅಲ್ಲಿಗೆ ಸರಣಿ ನಿಂತಿತು. ಆದರೆ 2000ದಲ್ಲಿ 'ಶಬ್ದವೇಧಿ' ಬಂದಾಗ, 70ರ ವಯಸ್ಸಿನಲ್ಲಿ ಅಣ್ಣಾವ್ರು ಪೊಲೀಸ್ ಅಧಿಕಾರಿಯಾಗಿ ಹೊಡೆದಾಡಿದರು, ಜನ ಒಪ್ಪಿಕೊಂಡರು. ಆ ಹೊತ್ತಿಗೆ ಯಾರಾದರೂ ನಿವೃತ್ತ 999ರ ಕಥೆ ಹಿಡಿದು ಅವರ ಮನೆಗೆ ಹೋಗಿದ್ದರೆ ಅಂತ ನನಗೆ ಈಗಲೂ ಹೊಟ್ಟೆಯುರಿ.

ಈಗ ಮಾಡುವುದಾದರೆ ನಾಯಕ ಬೇಡ, ನಾಯಕಿ ಬೇಕು. ಉಮಾಶ್ರೀ ಮಾಡಲಿ. ನಗಿಸಲು ಅವರಿಗೆ ಗೊತ್ತು. 'ಗುಲಾಬಿ ಟಾಕೀಸ್'ಗೆ ರಾಷ್ಟ್ರಪ್ರಶಸ್ತಿ ಪಡೆದ ನಟಿ, ಒಂದು ನೋಟದಲ್ಲಿ ಎದುರಿನವರನ್ನು ನಿಲ್ಲಿಸಲೂ ಗೊತ್ತು. ಧಾರವಾಡದಲ್ಲಿ ಪೆನ್ಷನ್ ತೆಗೆದುಕೊಂಡು ಇರುವ ಒಬ್ಬ ಅಕ್ಕೋರು. ಅವರು ಒಂದು ಕಾಲಕ್ಕೆ ಏನಾಗಿದ್ದರು ಅಂತ ಓಣಿಯಲ್ಲಿ ಯಾರಿಗೂ ಗೊತ್ತಿಲ್ಲ, ಗಂಡನಿಗೂ ಗೊತ್ತಿಲ್ಲ. ಮೊದಲ ಫೈಟು ಲೈನ್ ಬಜಾರಿನಲ್ಲಿ ಆಗಲಿ, ಪೇಡೆ ಕೊಳ್ಳಲು ನಿಂತ ಪಾಳಿಯಲ್ಲಿ. ಕೇಳುತ್ತಿರುವವರಲ್ಲಿ ನಿರ್ಮಾಪಕರು ಯಾರಾದರೂ ಇದ್ದರೆ ಇಲ್ಲಿಗೇ ಬನ್ನಿ. ಕಥೆ ಬರೆಯುವವರು ಈ ಊರಿನಲ್ಲೇ ಸಿಗುತ್ತಾರೆ.