ಕಥೆಯಲ್ಲಿ ನೋಡುವ ಕಣ್ಣು ಯಾರದು?

ಕೇಳುಗರಿಗೆ ನಮಸ್ಕಾರ. ಕಥೆ ಬರೆಯುವವರ ನಡುವೆ ವಸ್ತು, ಹಂದರ, ಪಾತ್ರ, ಸಂಭಾಷಣೆ ಎಂಬ ಮಾತುಗಳು ಮತ್ತೆ ಮತ್ತೆ ಬರುತ್ತವೆ. ಇವತ್ತು ದೃಷ್ಟಿಕೋನ, ಅಂದರೆ ಕಥೆಯನ್ನು ಯಾರ ಕಣ್ಣಿನಿಂದ ನೋಡುತ್ತೇವೆ ಎಂಬುದೊಂದನ್ನೇ ಹಿಡಿದು ಮಾತಾಡುತ್ತೇನೆ. ಹೊಸಬರ ಕಥೆ ಹೆಚ್ಚಾಗಿ ಮುಗ್ಗರಿಸುವುದು ಇಲ್ಲೇ.

ಕಥೆ ಹೇಳುತ್ತಿರುವವರು ಯಾರು? ಅದನ್ನು ನೋಡುತ್ತಿರುವವರು ಯಾರು? ಇವು ಎರಡು ಬೇರೆ ಪ್ರಶ್ನೆಗಳೆಂದು ಫ್ರೆಂಚ್ ವಿಮರ್ಶಕ ಜೆರಾರ್ ಜೆನೆಟ್ 1972ರಲ್ಲೇ ಬಿಡಿಸಿ ತೋರಿಸಿದರು. 40 ವರ್ಷದ ಹೆಂಗಸೊಬ್ಬಳು ತನ್ನ 8ನೇ ವಯಸ್ಸಿನ ಒಂದು ಮಧ್ಯಾಹ್ನದ ಕಥೆಯನ್ನು ‘ನಾನು’ ಎಂದೇ ಹೇಳುತ್ತಾಳೆ. ಮಾತು ದೊಡ್ಡವಳದು, ಕಣ್ಣು ಮಗುವಿನದು. ಆ ಮಗುವಿಗೆ ತಿಳಿಯಲಾರದ ವಿಷಯ ನಡುವೆ ನುಸುಳಿತೋ, ಕಣ್ಣು ಬದಲಾಯಿತು. ಬೇಕೆಂದೇ ಹಾಗೆ ಮಾಡಿದರೆ ಅದೊಂದು ತಂತ್ರ, ಅರಿಯದೆ ಆದರೆ ದೋಷ.

‘ಅವಳು’ ಎಂದು ಬರೆಯುವಾಗ ಈ ದೋಷ ಇನ್ನೂ ಸುಲಭವಾಗಿ ಆಗುತ್ತದೆ. ಈ ಸಾಲುಗಳನ್ನು ಕೇಳಿ: ‘ಸುಮಾ ಬಾಗಿಲು ತೆರೆದಳು. ರಘುವಿನ ಮುಖ ಬಾಡಿತ್ತು. ಸಾಲದ ವಿಷಯ ಹೇಳಲೋ ಬೇಡವೋ ಎಂದು ಅವನು ಯೋಚಿಸುತ್ತಿದ್ದ.’ ಮೊದಲ ಎರಡು ವಾಕ್ಯ ಸುಮಾಳ ಕಣ್ಣಿನವು. ಮೂರನೆಯದರಲ್ಲಿ ನಾವು ಸಟ್ಟನೆ ರಘುವಿನ ತಲೆಯೊಳಗೆ ಹೊಕ್ಕಿದ್ದೇವೆ. ಸುಮಾಗಿಂತ ಮೊದಲೇ ಓದುಗನಿಗೆ ಸಾಲದ ಗುಟ್ಟು ಗೊತ್ತಾಗಿ ಕುತೂಹಲ ಅಲ್ಲೇ ಇಂಗಿಹೋಯಿತು. ಬದಲಿಗೆ ‘ಅವನು ಏನೋ ಹೇಳಲು ಬಾಯಿ ತೆರೆದ, ಸುಮ್ಮನಾಗಿ ಚಪ್ಪಲಿ ಬಿಚ್ಚತೊಡಗಿದ’ ಎನ್ನಿ. ಸುಮಾಳಿಗೆ ಕಂಡಷ್ಟೇ ನಮಗೂ ಕಂಡಿತು.

ಇನ್ನೊಂದು ಸಣ್ಣ ಜಾರುವಿಕೆ ಇದೆ. ‘ಸುಮಾಳ ಕೆನ್ನೆ ಕೆಂಪಾಯಿತು’ ಎಂದರೆ ನೋಡಿದವರು ಬೇರೆಯವರು, ಏಕೆಂದರೆ ತನ್ನ ಕೆನ್ನೆ ಅವಳಿಗೆ ಕಾಣದು. ‘ಕೆನ್ನೆ ಬಿಸಿಯಾಯಿತು’ ಎನ್ನಬೇಕು.

ಪಾತ್ರವನ್ನು ಕರೆಯುವ ಬಗೆಯೂ ಕಣ್ಣು ಯಾರದೆಂದು ತೋರಿಸಿಕೊಡುತ್ತದೆ. ಸೊಸೆಯ ಕಣ್ಣಿನ ಕಥೆಯಲ್ಲಿ ‘ಅತ್ತೆ ಬಂದರು’ ಎಂದವರು ಮುಂದಿನ ಪ್ಯಾರಾದಲ್ಲಿ ‘ಮುದುಕಿ ಕೂತಳು’ ಎಂದರೆ, ಸೊಸೆಯ ಮನಸ್ಸು ತಿರುಗಿದ್ದಕ್ಕೆ ಕಾರಣ ಅಲ್ಲೇ ಕಾಣಬೇಕು.

ಎಲ್ಲರ ಮನಸ್ಸನ್ನೂ ಬಲ್ಲ ಸರ್ವಜ್ಞ ನಿರೂಪಕನಿಗೆ ಈ ಕಟ್ಟುಪಾಡಿಲ್ಲ. ಆದರೆ ಆ ಸ್ವಾತಂತ್ರ್ಯ ಮೊದಲ ಪುಟದಲ್ಲೇ ಓದುಗನಿಗೆ ತಿಳಿಯಬೇಕು. ಹತ್ತು ಪುಟ ಒಬ್ಬಳ ಜೊತೆಗಿದ್ದು ಹನ್ನೊಂದನೆಯದರಲ್ಲಿ ಇನ್ನೊಬ್ಬನ ಒಳಗೆ ಹೊಕ್ಕರೆ ಓದುಗನಿಗೆ ಗಲಿಬಿಲಿ. ಕಣ್ಣು ಬದಲಿಸಲೇಬೇಕಿದ್ದರೆ ಸನ್ನಿವೇಶ ಮುಗಿಸಿ, ಒಂದು ಸಾಲು ಖಾಲಿ ಬಿಟ್ಟು, ಹೊಸ ಕಣ್ಣಿನವರ ಹೆಸರನ್ನು ಮೊದಲ ವಾಕ್ಯದಲ್ಲೇ ತನ್ನಿ.

ತಿದ್ದುವಾಗ ‘ಯೋಚಿಸಿದ’, ‘ಅನಿಸಿತು’, ‘ನೆನಪಾಯಿತು’ ಎಂಬ ಕ್ರಿಯಾಪದಗಳಿಗೆಲ್ಲ ಪೆನ್ಸಿಲ್ ಗೆರೆ ಹಾಕಿ, ಪ್ರತಿಯೊಂದೂ ಯಾರದೆಂದು ಅಂಚಿನಲ್ಲಿ ಬರೆಯಿರಿ. ಒಂದೇ ಸನ್ನಿವೇಶದಲ್ಲಿ ಎರಡು ಹೆಸರು ಬಂದರೆ ಮೊದಲು ಅಲ್ಲಿಂದ ತಿದ್ದಲು ಶುರುಮಾಡಿ. ನಮಸ್ಕಾರ.