ಹಂಚು ಇಳಿಸುವ ಮುಂಚೆ ಸ್ವಲ್ಪ ಕೇಳಿ

ನಮಸ್ಕಾರ. ನಮ್ಮ ಕರಾವಳಿಯಲ್ಲಿ ಒಂದು ವಿಚಿತ್ರ ನಡೀತಾ ಉಂಟು. ಅಜ್ಜ ಕಟ್ಟಿಸಿದ ಹಂಚಿನ ಮನೆ ಸೋರ್ತದೆ ಅಂತ ಮಾಡು (ಚಾವಣಿ) ಇಳಿಸಿ ತಾರಸಿ ಹಾಕಿಸ್ತಾರೆ. ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ತಾರಸಿಯೂ ಸೋರ್ತದೆ. ಆಗ ಅದರ ಮೇಲೆ ಕಬ್ಬಿಣದ ಪೈಪು ನಿಲ್ಲಿಸಿ ಶೀಟು ಹೊದಿಸ್ತಾರೆ. ಲಕ್ಷಗಟ್ಟಲೆ ಸುರಿದು ಕೊನೆಗೆ ಪುನಃ ಇಳಿಜಾರು ಮಾಡಿಗೇ ಬಂದು ನಿಂತದ್ದು! ಅದೂ ಬಿಸಿಲಿಗೆ ಕಾದು, ಮಳೆಗೆ ಕಿವಿ ಒಡೆಯುವ ಹಾಗೆ ಬಡಿದುಕೊಳ್ಳುವ ಮಾಡು.

ಕೈಯಲ್ಲಿ ಇರೋದು ಒಂದೆರಡು ಲಕ್ಷ, ಹಳೆ ಮನೆಯನ್ನು ಪರಿಸರಸ್ನೇಹಿ ಮಾಡಬೇಕು ಅಂತ ಯಾರಾದರೂ ಕೇಳಿದರೆ ನಾನು ಹೇಳೋದು ಇಷ್ಟೇ: ಮೊದಲ ದುಡ್ಡು ಸೂರಿಗೆ ಹೋಗಲಿ. ಸೋಲಾರ್ ಪ್ಯಾನೆಲ್ ಕೊನೆಗೆ ನೋಡುವ.

ತಾರಸಿಗೆ ಬೇಕಾದ ಸಿಮೆಂಟಿಗಾಗಿ ಸುಣ್ಣದ ಕಲ್ಲನ್ನು ಸುಮಾರು 1,450 ಡಿಗ್ರಿವರೆಗೆ ಕಾಯಿಸಬೇಕು. ಕಲ್ಲಿನಿಂದಲೇ ಒಂದಷ್ಟು ಇಂಗಾಲದ ಡೈಆಕ್ಸೈಡ್ ಹೊರಗೆ ಬರ್ತದೆ, ಉರಿಸುವ ಇಂಧನದ್ದು ಬೇರೆ. ಜಗತ್ತಿನ ಒಟ್ಟು ಇಂಗಾಲದ ಹೊರಸೂಸುವಿಕೆಯಲ್ಲಿ ಶೇ. 7–8ರಷ್ಟು ಸಿಮೆಂಟಿನದ್ದೇ. ನಿಮ್ಮ ಮಾಡಿನ ಹಂಚು ಎಂದೋ ಸುಟ್ಟು ಮುಗಿದದ್ದು. ಬಾಸೆಲ್ ಮಿಷನ್ (ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ) ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ಆ ಕಾಲದ ನಂತರದ ಹಂಚುಗಳು ಎಷ್ಟೋ ಮನೆಗಳ ಮೇಲೆ ಇವತ್ತಿಗೂ ಗಟ್ಟಿಯಾಗಿ ಕೂತಿವೆ. ಅದನ್ನು ಇಳಿಸಿ ರಸ್ತೆ ಗುಂಡಿಗೆ ಹಾಕಿ, ಹೊಸ ಸಿಮೆಂಟು ತಂದು, ಆಮೇಲೆ ತಾರಸಿ ಮೇಲೆ ಎರಡು ಪ್ಯಾನೆಲ್ ಇಟ್ಟು "ನಮ್ಮದು ಗ್ರೀನ್ ಹೌಸ್" ಅಂದರೆ ಲೆಕ್ಕ ಸರಿ ಹೋಗೋದಿಲ್ಲ.

ಇನ್ನು ಸೋರೋದು. ಬಹಳ ಮನೆಗಳಲ್ಲಿ ತಪ್ಪು ಹಂಚಿನದ್ದಲ್ಲ, ಅಡಿಯ ಮರದ್ದು. ರೀಪು (ಹಂಚು ಕೂರುವ ಮರದ ಪಟ್ಟಿ) ಒರಲೆ (ಗೆದ್ದಲು) ಹಿಡಿದು ಬಗ್ಗಿದರೆ ಹಂಚಿನ ಸಾಲು ತಪ್ಪಿ ಬಾಯಿ ಬಿಡ್ತದೆ, ನೀರು ಒಳಗೆ ಬರ್ತದೆ. ಆದ್ದರಿಂದ ಒಂದು ಪಕ್ಕದ ಹಂಚು ಇಳಿಸಿ, ಪಕಾಸು (ರೀಪಿನ ಅಡಿಯ ಇಳಿಜಾರು ಮರ), ರೀಪು ಒಂದೊಂದನ್ನೂ ತಟ್ಟಿ ನೋಡಿಸಿ. ಟೊಳ್ಳು ಬಂದದ್ದನ್ನು ಮಾತ್ರ ಬದಲಿಸಿ. ಉಳಿದದ್ದಕ್ಕೆ ಗೇರೆಣ್ಣೆ ಬಳಿಸಿ. ಗೇರುಬೀಜದ ಸಿಪ್ಪೆಯ ಆ ಕಪ್ಪೆಣ್ಣೆ ಕೈಗೆ ತಾಗಿದರೆ ಸುಡ್ತದೆ, ಗ್ಲೌಸ್ ಹಾಕದೆ ಮುಟ್ಟಬೇಡಿ. ಒರಲೆ ಮಾತ್ರ ಅದರ ಹತ್ತಿರ ಬರೋದಿಲ್ಲ. ಒಡೆದ ಹಂಚಿಗೆ ಬದಲಿ ಬೇಕಾದರೆ ಕೆಡವಿದ ಮನೆಗಳ ಹಂಚು ಮಾರಾಟಕ್ಕೆ ಸಿಗ್ತದೆ. ಬೆರಳು ಮಡಚಿ ಬಡಿಯಿರಿ: ಠಣ್ ಅಂದರೆ ತಗೊಳ್ಳಿ, ಬೊದ್ ಅಂದರೆ ಬಿಡಿ. ಅಂಚಿನ ಕೊಕ್ಕೆ ಮುರಿದಿದೆಯಾ ಅಂತಲೂ ನೋಡಿ. ನಡುವೆ ನಾಲ್ಕು ಗಾಜಿನ ಹಂಚು ಕೂರಿಸಿದರೆ ಅಡುಗೆಮನೆಗೆ ಹಗಲು ದೀಪ ಬೇಡ.

ಹಾಂ, ಹಂಚಿನ ಅಡಿಗೆ ಪಿವಿಸಿ ಸೀಲಿಂಗ್ ಹೊಡೆಸುವವರಿಗೆ ಒಂದು ಮಾತು. ಹಂಚಿನ ಸಂದಿಯಿಂದ ಬಿಸಿಗಾಳಿ ಹೊರಗೆ ಹೋಗುವುದೇ ಈ ಮನೆಯ ತಂಪಿನ ಗುಟ್ಟು. ಅದಕ್ಕೆ ಅಡ್ಡ ಹಲಗೆ ಕಟ್ಟಿ, ಸೆಕೆ ಅಂತ ಎಸಿ ತರೋದು ಯಾವ ಸೀಮೆ ಬುದ್ಧಿವಂತಿಕೆ?

ಗೋಡೆಯದ್ದೂ ಇದೇ ಕಥೆ. ಮಣ್ಣಿನ ಗೋಡೆ, ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ಗೋಡೆ ನೆಲದಿಂದ ತೇವ ಎಳೀತದೆ, ಬಿಸಿಲಿಗೆ ಬಿಡ್ತದೆ. ಮೇಲೆ ಸಿಮೆಂಟ್ ಗಾರೆ, ಪ್ಲಾಸ್ಟಿಕ್ ಪೇಂಟು ಬಳಿದರೆ ತೇವ ಒಳಗೇ ಸಿಕ್ಕಿ, ಮೊಣಕಾಲೆತ್ತರಕ್ಕೆ ಉಬ್ಬಿ ಪದರ ಪದರವಾಗಿ ಉದುರ್ತದೆ. ಸುಣ್ಣ ಹಾಗಲ್ಲ, ತೇವ ಹೊರಗೆ ಹೋಗಲು ಬಿಡ್ತದೆ. ಅಗ್ಗವೂ ಹೌದು.

ನೀರಿನ ಬಗ್ಗೆ ಹೇಳಿದರೆ ನಂಬಲಿಕ್ಕಿಲ್ಲ. ಇಲ್ಲಿ ವರ್ಷಕ್ಕೆ 3,500 ಮಿ.ಮೀ. ಆಸುಪಾಸು ಮಳೆ. 1,000 ಚದರಡಿ ಮಾಡಿನ ಮೇಲೆ ಬೀಳುವ ನೀರಲ್ಲಿ ಐದರಲ್ಲೊಂದು ಪಾಲು ಹಾಳಾದರೂ ಎರಡೂವರೆ ಲಕ್ಷ ಲೀಟರ್ ಸಿಗ್ತದೆ. ಏಪ್ರಿಲಿನಲ್ಲಿ ಬಾವಿ ತಳ ಕಂಡಿತು ಅಂತ ಟ್ಯಾಂಕರಿಗೆ ಫೋನ್ ಮಾಡುವ ಮನೆಯ ಅಂಗಳದಿಂದಲೇ ಇದು ಚರಂಡಿಗೆ ಹೋಗೋದು. ಸೂರಿಗೆ ಪೈಪು ಸೀಳಿ ಕಟ್ಟಿ, ಮೊದಲೆರಡು ಮಳೆಯ ಕೊಳೆನೀರು ಹೊರಗೆ ಬಿಟ್ಟು, ಆಮೇಲಿನದ್ದನ್ನು ಜಲ್ಲಿ, ಇದ್ದಿಲು, ಮರಳು ತುಂಬಿದ ಡ್ರಮ್ಮಿನ ಮೂಲಕ ಬಾವಿಗೆ ಇಳಿಸಿ.

ಈಗ ಕರೆಂಟಿಗೆ ಬರುವ. ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವಾಟಿನ ಸೋಲಾರ್ ಪ್ಯಾನೆಲಿಗೆ 78,000 ರೂಪಾಯಿವರೆಗೆ ಸಬ್ಸಿಡಿ ಉಂಟು, ಒಳ್ಳೆಯದೇ. ಆದರೆ ಗೃಹಜ್ಯೋತಿಯಲ್ಲಿ ಬಿಲ್ಲೇ ಶೂನ್ಯ ಬರುವ ಸಣ್ಣ ಮನೆಯವರು ಉಳಿದ ದುಡ್ಡು ಕೈಯಿಂದ ಹಾಕಿದರೆ ಅದು ಯಾವಾಗ ವಾಪಸ್ ಬಂದೀತು? ಹಳೆಯ ಫ್ಯಾನು ಸುಮಾರು 75 ವಾಟ್ ತಿಂತದೆ, ಬಿಎಲ್‌ಡಿಸಿ (ಕಡಿಮೆ ಕರೆಂಟಿನ ಮೋಟರಿನ) ಫ್ಯಾನಿಗೆ 30 ವಾಟ್ ಆಸುಪಾಸು ಸಾಕು. ಅಲ್ಲಿಂದ ಶುರು ಮಾಡಿ. ಅದಕ್ಕೂ ಮುಂಚೆ ಹಳೆ ವಯರಿಂಗ್ ನೋಡಿಸಿ, ಅದು ಉಳಿತಾಯದ ಪ್ರಶ್ನೆಯಲ್ಲ, ಜೀವದ್ದು.

ಕಮೆಂಟಿನಲ್ಲಿ ಬರುವ ಪ್ರಶ್ನೆ ಗೊತ್ತು: ಮಂಗ! ಮಂಗಗಳ ಹಿಂಡು ಬಂದು ಹಾರಿದರೆ ಹಂಚು ಪುಡಿ, ನಿಜ. ಅದಕ್ಕೆ ನನ್ನಲ್ಲಿ ಮದ್ದಿಲ್ಲ. ಮಾಡಿನ ಮೇಲೆ ಚಾಚಿದ ಮರದ ಗೆಲ್ಲು ಕಡಿಸಿ, ಐವತ್ತು ಹಂಚು ಅಟ್ಟದಲ್ಲಿ ಇಟ್ಟುಕೊಳ್ಳಿ, ಅಷ್ಟೇ. ಹಂಚು ಕೂರಿಸಲು ಬಲ್ಲ ಆಳುಗಳೂ ಕಮ್ಮಿಯಾಗಿದ್ದಾರೆ. ಇರುವವರನ್ನು ಸಂಕ್ರಾಂತಿ ಮುಗಿದ ಕೂಡಲೇ ಹೇಳಿಟ್ಟುಕೊಳ್ಳಿ. ಮೇ ತಿಂಗಳಲ್ಲಿ ಹುಡುಕಿಕೊಂಡು ಹೋದರೆ ನಿಮ್ಮ ಸರದಿ ಬರುವಾಗ ಮಳೆ ಬಂದಾಗಿರ್ತದೆ.